ಒಳ್ಳೆಯದಕ್ಕೆ ಒಳ್ಳೆಯದು

ಅಣಬೆ ಆಯಲು ಹೋಗಿ ಉಣುಗು ಕಚ್ಚಿಸಿಕೊಂಡ ಹೆಲ್ವೆ
ಸಾರೆಮಾ ದ್ವೀಪದ ನನ್ನ ಔಷಧಿ ಅಂಗಡಿಯಲ್ಲಿ
ಕಾಲುಚೀಲ ಜಾರಿಸುತ್ತಾಳೆ:
ಹತ್ತು ದಿನ ನುಂಗಿದೆ,
ಕೆಂಪು ಬಳೆ ಹಾಗೇ ಇದೆ, ನೋಡು.

ಯಾವುದರ ಜೊತೆ ನುಂಗಿದಿರಿ?

ಹಾಲಿನ ಜೊತೆ. ಬರೀ ಹೊಟ್ಟೆ ಉರಿಯುತ್ತಲ್ಲ.
ಮತ್ತೆ ತಂಗಿ ಕೊಟ್ಟ ಶಕ್ತಿಮಾತ್ರೆ,
ಸುಣ್ಣ, ಕಬ್ಬಿಣ, ಸತು, ಎಲ್ಲ ಒಂದೇ ಗುಟುಕಿಗೆ.
ಒಳ್ಳೆಯದಕ್ಕೆ ಒಳ್ಳೆಯದು ಸೇರಿದರೆ ಕೆಟ್ಟದ್ದೇನು?

ಹೊಟ್ಟೆಯ ಕತ್ತಲಲ್ಲಿ
ಮದ್ದು ಕಬ್ಬಿಣದ ಕೈ ಹಿಡಿಯಿತು,
ರಕ್ತದ ಬಾಗಿಲು ತಟ್ಟದೆಯೇ
ಇಬ್ಬರೂ ಹಿತ್ತಿಲಿನಿಂದ ಹೊರಟುಹೋದರು,
ಎಂದೆ.

ಹೆಲ್ವೆ ಗಟ್ಟಿಯಾಗಿ ನಕ್ಕಳು.
ನನ್ನ ಗಂಡನೂ ಹಾಗೇ ಹೋದ,
ಇದೇ ತಂಗಿಯ ಜೊತೆ.

ಡಾಕ್ಟರಿಗೆ ಫೋನು ಹಚ್ಚಿದೆ.
ಕಾಯುತ್ತ, ಡಬ್ಬಿಯ ಮೇಲೆ ಬರೆದೆ:
ಮದ್ದು ಬೆಳಿಗ್ಗೆ ಎಂಟಕ್ಕೆ, ನೀರಿನಲ್ಲಿ.
ತಂಗಿಯದು
ಮಧ್ಯಾಹ್ನ.