ರೆಡಿ

ಮೂರನೇ ತೂಕದ ಕಟ್ಟೆಯಿಂದ ದೂರು, ಒಂದೇ ಪದ:
ಸ್ಲೋ.
ಕಳಿಸಿದವನು ಸಿಫತ್, ಹಮ್ರಿಯಾ ಬಂದರಿನ ಗುಮಾಸ್ತ.
ನನ್ನ ಗೋಡೆಯ ಮೇಲೆ ಆರು ಪರದೆ,
ಆರರಲ್ಲೂ ಹಸಿರೋ ಹಸಿರು.

ಆರುನೂರ ನಲವತ್ತು ಡೆಸ್ಕ್‌ಟಾಪು,
ಒಂದೂ ಯಾರ ಮೇಜಿನ ಮೇಲೂ ಇಲ್ಲ.
ಎಲ್ಲ ಈ ಗಾಜಿನಾಚೆ, ಹದಿನೆಂಟು ಡಿಗ್ರಿ ಚಳಿಯಲ್ಲಿ
ಹತ್ತು ಸರ್ವರುಗಳ ಹೊಟ್ಟೆಯಲ್ಲಿ.
ಸಿಫತ್‌ನ ಎದುರಿಗಿರುವುದು ಬರೀ ಕಿಂಡಿ:
ಅಲ್ಲಿ ಒತ್ತಿದ್ದರ ಸುದ್ದಿ ಇಲ್ಲಿಗೆ ಬರಬೇಕು,
ಇಲ್ಲಿ ಆದದ್ದರ ಚಿತ್ರ ಅಲ್ಲಿಗೆ ಹೋಗಬೇಕು.

‘ಸರಾಸರಿ ಶೇಕಡಾ ನಲವತ್ತು, ಆರಾಮ’
ಎಂದರು ಮುಹನ್ನದ್ ಸಾಹೇಬರು, ಖರ್ಜೂರ ಬಾಯಿಗಿಟ್ಟು.
ಸರಾಸರಿ ಅಂದರೆ ಹೀಗೆ:
ಊರಿನ ಅನ್ನವನ್ನೆಲ್ಲ ಕೂಡಿ, ತಲೆಗಳಿಂದ ಭಾಗಿಸಿ,
ಯಾರೂ ಹಸಿದಿಲ್ಲ ಎಂದು ಬರೆದಿಡುವುದು.

ಪಿಕಪ್ ಹತ್ತಿ ಹೋದೆ.
ಆಗಸ್ಟ್. ಲಾರಿಗಳ ಸಾಲು ರೌಂಡಬೌಟಿನವರೆಗೆ.
ಒದ್ದೆ ಟವೆಲು ತಲೆಗೆ ಹೊದ್ದ ಪೆಶಾವರದ ಡ್ರೈವರು
ನನ್ನ ಕೊರಳಿನ ಬಿಲ್ಲೆ ನೋಡಿ ಏನೋ ಅಂದ;
ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತದೆ.

ಸಿಫತ್ ಒತ್ತಿದ.
ನಾನು ಬಾಯೊಳಗೇ ಎಣಿಸಿದೆ, ಕನ್ನಡದಲ್ಲಿ:
ಒಂದು, ಎರಡು, ಮೂರು, ನಾಲ್ಕು.
ಐದು ಅನ್ನುವಾಗ ಪೆಟ್ಟಿಗೆ ತೆರೆಯಿತು.
ಆ ನಾಲ್ಕು ಸೆಕೆಂಡಿಗೆ ಅವನೊಂದು ದಾರಿ ಕಂಡುಕೊಂಡಿದ್ದ:
ಎಡಗೈಯಲ್ಲಿ ತಸ್ಬೀಹ್, ಒತ್ತಿದಾಗೊಮ್ಮೆ ಒಂದು ಮಣಿ.
‘ಲಾರಿಗೆ ಒಂಬತ್ತು ಮಣಿ ಭಾಯ್,
ಈ ತಿಂಗಳು ನನಗೆ ತುಂಬ ಪುಣ್ಯ.’

ರಾತ್ರಿ, ಯಾರೂ ತೆರೆಯದ ಒಂದು ಕಾಲಂ ತೆರೆದೆ.
ಅದರ ಹೆಸರು ‘ರೆಡಿ’.
ಚೆಂದದ ಹೆಸರು ಎಂದುಕೊಳ್ಳಬೇಡಿ:
ಯಂತ್ರ ಎದ್ದಿದೆ, ಕೆಲಸ ಕೈಯಲ್ಲಿದೆ,
ಮೈಯಿಲ್ಲ. ಪ್ರೊಸೆಸರು ಇನ್ನೊಬ್ಬನ ಬಳಿ ಇದೆ.
ಬಾಗಿಲಲ್ಲಿ ನಿಂತು ಕಾದ ಹೊತ್ತಿನ ಲೆಕ್ಕ ಅದು.
ಸಿಫತ್‌ನದು ಶೇಕಡಾ ಇಪ್ಪತ್ತೆರಡು.

ಈ ಕಾಲಂ ನನಗೆ ಗೊತ್ತು.
ರೋಲಾದಲ್ಲಿ, ಬಂದ ಮೊದಲ ವರ್ಷ,
ಮಂಚ ಒಂದು, ಬಾಡಿಗೆದಾರರು ಇಬ್ಬರು.
ಹಗಲು ಮಯ್ಯದ್ದಿಯದು, ರಾತ್ರಿ ನನ್ನದು.
ಅವನಿಗೆ ಬೇಕರಿಯ ರಾತ್ರಿಪಾಳಿ.
ಅವನ ಮುಖ ನೋಡಿದ್ದು ನಾಲ್ಕೈದು ಸಲ,
ತಲೆದಿಂಬಿನ ಬಿಸಿ ಮಾತ್ರ ದಿನಾ.
ಒಂದು ಶುಕ್ರವಾರ ಇಬ್ಬರಿಗೂ ಒಟ್ಟಿಗೇ ಜ್ವರ.
ನಾನು ಮೆಟ್ಟಿಲ ಮೇಲೆ ಕೂತಿದ್ದೆ, ಬೆಳಗಿನ ಮೂರರವರೆಗೆ,
ನಿದ್ದೆಗೆ ಪೂರ್ತಿ ರೆಡಿಯಾಗಿ.
ಮಂಚದ ಲೆಕ್ಕದಲ್ಲಿ ಆ ದಿನವೂ
ಎಲ್ಲ ಸರಿಯಾಗಿಯೇ ಇತ್ತು.

ಈಗ ಸಿಫತ್‌ನ ಮಂಚದಲ್ಲಿ ಮಲಗಿದವರು ಯಾರು?
ಒಂದೊಂದೇ ಹೊದಿಕೆ ಎತ್ತಿ ನೋಡಿದೆ.
ವೈರಸ್ ಜಾಲಾಟ? ಅಲ್ಲ.
ಅಕೌಂಟ್ಸಿನವರ ತಿಂಗಳ ಕೊನೆಯೂ ಅಲ್ಲ.
ಸಣ್ಣದೊಂದು ಪ್ರೋಗ್ರಾಮು, ಎಲ್ಲ ಡೆಸ್ಕ್‌ಟಾಪಿನಲ್ಲೂ ಒಂದು,
ಐದು ಸೆಕೆಂಡಿಗೊಮ್ಮೆ ಎದ್ದು ಕೇಳುತ್ತಿತ್ತು:
ಹೇಗಿದ್ದೀ? ನಿಧಾನ ಆಯಿತಾ? ಹೇಗಿದ್ದೀ?
ಉತ್ತರ ಹೊತ್ತು ಈ ಗೋಡೆಗೆ ಓಡಿ ಬರುತ್ತಿತ್ತು,
ಹಸಿರು ಬಳಿಯಲು.

ಅದನ್ನು ಹಾಕಿದವನು ನಾನು,
ರಂಜಾನಿನ ಮೊದಲ ವಾರ,
ಇನ್ನಷ್ಟು ಹತ್ತಿರದಿಂದ ನೋಡೋಣ ಅಂತ.

ಐದನ್ನು ಮುನ್ನೂರು ಮಾಡಿದೆ.
ಗೋಡೆಯ ಗೆರೆಗಳು ಒರಟಾದವು,
ಮೆಟ್ಟಿಲು ಮೆಟ್ಟಿಲಾಗಿ ಮುರಿದವು.
ಬೆಳಿಗ್ಗೆ ಮುಹನ್ನದ್ ಸಾಹೇಬರು ಕಣ್ಣು ಕಿರಿದು ಮಾಡಿ
‘ಏನಿದು, ಸರಿಯಾಗಿ ಕಾಣಿಸುತ್ತಿಲ್ಲ’ ಎಂದರು.
ಹೌದು ಸಾರ್ ಅಂದೆ.

ದೂರು ಮುಚ್ಚುವಾಗ ‘ಕಾರಣ’ ಎಂಬ ಖಾನೆ ತುಂಬಲೇಬೇಕು.
ಪಟ್ಟಿಯಲ್ಲಿ ನೆಟ್‌ವರ್ಕ್ ಇದೆ, ಡಿಸ್ಕ್ ಇದೆ, ಬಳಕೆದಾರ ಇದ್ದಾನೆ.
ನಾನಿಲ್ಲ.
ಇತರೆ ಎಂದು ಹಾಕಿದೆ.

ಮಧ್ಯಾಹ್ನ ಸಿಫತ್‌ನ ಫೋನು:
ಪೆಟ್ಟಿಗೆ ತಕ್ಷಣ ತೆರೆಯುತ್ತಿದೆ ಭಾಯ್,
ಮಣಿ ಎಣಿಸಲೇ ಆಗುತ್ತಿಲ್ಲ.
ಹಿಂದಿನಿಂದ ಲಾರಿಯೊಂದು ಗೇರು ಬದಲಿಸಿ
ಕಟ್ಟೆಯಿಂದ ಇಳಿದು ಹೋದದ್ದು ಕೇಳಿಸಿತು.