ಕೂಡಿಡದ ಬಿಸಿನೀರು

ಹಳೆಯ ಗೀಸರಿನ ಹೊಟ್ಟೆ ತೂತಾಗಿ
ಮೂರು ದಿನ ಬಕೆಟ್ಟಿಗೆ ತೊಟ್ಟಿಕ್ಕಿತು.
ನಾಲ್ಕನೆಯ ದಿನ ಇನಾಯತ್ ಬಂದ,
ಮತ್ತಿಕೆರೆಯ ಮೂರನೇ ಮಹಡಿಗೆ ಏದುಸಿರು ಬಿಡುತ್ತ,
ಕಂಕುಳಲ್ಲೊಂದು ರಟ್ಟಿನ ಪೆಟ್ಟಿಗೆ.
ಬಿಚ್ಚಿದರೆ ಶಾಲೆಯ ಬ್ಯಾಗಿನಷ್ಟು ಡಬ್ಬಿ.

"ಇದರಲ್ಲಿ ನೀರೆಲ್ಲಿ ತುಂಬುತ್ತೆ?" ಅಂದೆ.
"ತುಂಬಲ್ಲ ಮೇಡಂ, ಟ್ಯಾಂಕೇ ಇಲ್ಲ.
ನಲ್ಲಿ ತಿರುಗಿಸಿದ್ರಾ, ನೀರು ಓಡಿತಾ, ಕಿಡಿ ಬಿತ್ತು.
ನಿಲ್ಲಿಸಿದ್ರಾ, ಲೆಕ್ಕ ಚುಕ್ತಾ."

ಹಳೆಯದನ್ನು ಇಬ್ಬರೂ ಹಿಡಿದು ಇಳಿಸಿದೆವು.
ಅಲ್ಲಾಡಿಸಿದರೆ ಒಳಗೆ ಕಲ್ಲಿನ ಸದ್ದು.
ಬೋರಿನ ನೀರು ಹನ್ನೊಂದು ವರ್ಷ ಕುದ್ದು ಕುದ್ದು
ಬಿಟ್ಟುಹೋದ ಸುಣ್ಣ, ತಳ ಹಿಡಿದ ಗಂಜಿಯ ಹಾಗೆ.
ಇಷ್ಟು ವರ್ಷ ನಾನು ನೀರು ಕಾಯಿಸಿದ್ದು
ಅರ್ಧ ಈ ಕಲ್ಲಿಗೆ,
ಇನ್ನರ್ಧ ಯಾರೂ ಮೀಯದ ಮಧ್ಯಾಹ್ನಗಳಿಗೆ,
ಸ್ವಿಚ್ಚು ಮರೆತು ಹೋದ ದಿನಗಳಲ್ಲಿ
ಕೆಂಪು ದೀಪ ಹೊತ್ತು ಕಾದ ಖಾಲಿ ಮನೆಗೆ.
ನಾನು ಮರೆತರೂ ಬೆಸ್ಕಾಂ ಮರೆಯುತ್ತಿರಲಿಲ್ಲ.

"ಬಚ್ಚಲಲ್ಲೇ ಹಾಕಿಬಿಡಪ್ಪ," ಎಂದರು ಕೆಳಗಿನಿಂದ
ಮನೆ ಮಾಲೀಕರು ಭ್ರಮರಾಂಬ, "ಗೋಡೆಗೆ ತೂತು ಯಾಕೆ?"
ಇನಾಯತ್ ಪೆಟ್ಟಿಗೆ ಮುಚ್ಚತೊಡಗಿದ.
"ಬೆಂಕಿ ಹೊರಗೆ, ನೀರು ಒಳಗೆ.
ಇಲ್ಲಾಂದ್ರೆ ನಾನು ಹೊರಟೆ."

ನಾನು ಏನೂ ಅನ್ನಲಿಲ್ಲ.
ನನ್ನದು ರಾತ್ರಿ ಪಾಳಿ, ಎಮರ್ಜೆನ್ಸಿ.
ಹೋದ ಡಿಸೆಂಬರಿನಲ್ಲಿ ಒಬ್ಬಳನ್ನು
ಟವೆಲಿನಲ್ಲೇ ಸುತ್ತಿ ತಂದಿದ್ದರು.
ಗಾಯವಿಲ್ಲ, ನೋವಿನ ಗುರುತಿಲ್ಲ,
ಕೂದಲಲ್ಲಿನ್ನೂ ಸೀಗೆಯ ನೊರೆ.
ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು
ತೊಂಬತ್ತೆಂಟು, ತೊಂಬತ್ತೆಂಟು ಎಂದು
ಸುಳ್ಳು ಹೇಳುತ್ತಲೇ ಇತ್ತು.
"ಸ್ನಾನಕ್ಕೆ ಹೋದಳು, ಅಷ್ಟೇ," ಅಂದಳು ಅವರಮ್ಮ.
"ಚಳಿ ಅಂತ ಕಿಟಕಿ ಮುಚ್ಚಿದ್ದೆ. ನಾನೇ ಮುಚ್ಚಿದ್ದೆ."
ಬಣ್ಣವಿಲ್ಲದ್ದು, ವಾಸನೆಯಿಲ್ಲದ್ದು
ಆ ಪುಟ್ಟ ಕೋಣೆಯಲ್ಲಿ ಅವಳ ಪಕ್ಕ ನಿಂತಿತ್ತು,
ಅವಳು ಹಾಡಿಕೊಳ್ಳುತ್ತಿದ್ದಳೋ ಏನೋ.

"ಅಡ್ವಾನ್ಸಿನಲ್ಲಿ ಮುರಕೊಳ್ತೀನಿ," ಎಂದರು ಭ್ರಮರಾಂಬ.
"ಮುರಕೊಳ್ಳಿ," ಎಂದೆ.

ಡಬ್ಬಿ ಹಿತ್ತಲ ಬಾಲ್ಕನಿಯಲ್ಲಿ ಕೂತಿತು,
ಒಗೆಯುವ ಕಲ್ಲಿನ ಮೇಲೆ, ಬಯಲ ಗಾಳಿಗೆ ಮೈಯೊಡ್ಡಿ.
ಎರಡು ಟಾರ್ಚ್ ಸೆಲ್ಲು, ಒಂದು ಸಿಲಿಂಡರು,
ಗೋಡೆ ತೂರಿ ಬಂದ ಪೈಪು.
ಸಿಂಟೆಕ್ಸು ನಮ್ಮ ತಲೆಯ ಮೇಲೇ,
ಎಂಟಡಿಯ ಎತ್ತರ; ನೀರಿಗೆ ಜೋರಿಲ್ಲ.
"ಸಣ್ಣಗೆ ಬಿಟ್ರೆ ಹತ್ತೋದೇ ಇಲ್ಲ,
ಪೂರ್ತಿ ಬಿಟ್ರೆ ಉಗುರುಬೆಚ್ಚಗೆ.
ನಡುವೆ ಎಲ್ಲೋ ಒಂದು ಜಾಗ ಇದೆ ಮೇಡಂ,
ಅದು ನಿಮ್ಮ ಕೈಗೇ ಗೊತ್ತಾಗಬೇಕು."

ಎರಡು ವಾರ ಹುಡುಕಿದೆ.
ಒಮ್ಮೆ ಚಳಿಗೆ ಚೀರಿದೆ, ಒಮ್ಮೆ ಭುಜ ಕೆಂಪಾಯಿತು.
ಸಿಕ್ಕ ದಿನ ನಲ್ಲಿಯ ಮೇಲೆ
ಉಗುರುಬಣ್ಣದ ಒಂದು ಚುಕ್ಕೆ ಇಟ್ಟೆ.
ತಕ್ಷಣದ್ದು ಅನ್ನುತ್ತಾರೆ, ತಕ್ಷಣವೇನಲ್ಲ:
ಪೈಪಿನಲ್ಲಿ ನಿಂತಿದ್ದ ತಣ್ಣೀರು
ಮೊದಲು ಬರಬೇಕು, ಮೂರು ಚೊಂಬು.
ಅದನ್ನು ಹಿಡಿದಿಟ್ಟು ಕರಿಬೇವಿಗೆ ಹಾಕುತ್ತೇನೆ.

ಈಗ ಬೆಳಗಿನ ಏಳೂಕಾಲು.
ಬೀದಿಯಲ್ಲಿ ಸೊಪ್ಪಿನವಳ ಕೂಗು,
ಕೈಗಳಲ್ಲಿನ್ನೂ ವಾರ್ಡಿನ ಸ್ಪಿರಿಟ್ಟು.
ಚುಕ್ಕೆಯವರೆಗೆ ತಿರುಗಿಸುತ್ತೇನೆ.
ಗೋಡೆಯಾಚೆ ಟಕ್ ಟಕ್ ಟಕ್,
ಆಮೇಲೆ ಭುಸ್ಸೆಂದು ನೀಲಿ.
ಒಂದು, ಎರಡು, ಮೂರನೆಯ ಚೊಂಬು.

ಡಬ್ಬಿ ಹೊರಗಿದೆ, ಗೊತ್ತು.
ಆದರೂ ಬಚ್ಚಲ ಕಿಟಕಿಯ ಗಾಜಿನ ಪಟ್ಟಿ
ಎರಡು ತೆಗೆದು ಅಟ್ಟಕ್ಕೆ ಹಾಕಿದ್ದೇನೆ.
ಬೆನ್ನಿಗೆ ಬಿಸಿನೀರು,
ಕಿವಿಗೆ, ಹೆಗಲಿಗೆ ಜನವರಿಯ ಗಾಳಿ.
ನಡುಗುತ್ತೇನೆ.
ಬರಲಿ.