ಅರ್ಧ ಸೆಕೆಂಡು

ಓನೋಟೋವಾ ದ್ವೀಪದ ಟೆಲಿಫೋನ್ ಮನೆಯ ಹಿಂದೆ
ಬಿಳಿ ತಟ್ಟೆ ಅಂಗಾತ ಮಲಗಿತ್ತು.
ಬೇರೆ ದೇಶಗಳಲ್ಲಿ ಅದು ಓರೆಯಾಗಿ ನಿಲ್ಲುತ್ತದಂತೆ,
ಕಿವಿಗೆ ಕೈ ಹಚ್ಚಿದ ಮುದುಕನ ಹಾಗೆ.
ನಮ್ಮದು ಭೂಮಿಯ ನಡುಗೆರೆ,
ಕೇಳಬೇಕಾದ್ದು ನೆತ್ತಿಯ ಮೇಲೇ ಇತ್ತು.
ಮಳೆ ಬಂದರೆ ತುಂಬುತ್ತಿತ್ತು.
ಆಪರೇಟರ್ ತೆಕರೇಯಿ, ಎಂದರೆ ನಮ್ಮಮ್ಮ,
ತಳಕ್ಕೆ ತೂತು ಕೊರೆದು ಬಕೆಟ್ ಇಟ್ಟಿದ್ದಳು.
ಆ ನೀರಲ್ಲೇ ನಮ್ಮ ಚಹಾ.

ಅಪ್ಪ ಹ್ಯಾಂಬರ್ಗಿನ ಹಡಗಿನಲ್ಲಿ ಎಂಜಿನ್ನಿಗೆ ಎಣ್ಣೆ ಹಚ್ಚುವವ.
ತಿಂಗಳಿಗೊಮ್ಮೆ, ಯಾವುದೋ ಬಂದರಿನಿಂದ, ಆರು ನಿಮಿಷ.
"ತೆಕರೇಯಿ" ಅನ್ನುವನು.
ಆ ಹೆಸರು ಮೂವತ್ತಾರು ಸಾವಿರ ಕಿಲೋಮೀಟರು ಹತ್ತಿ
ಅಷ್ಟೇ ಇಳಿಯಬೇಕು;
ಅವಳ "ಹೂಂ" ಅದೇ ದಾರಿ ಹಿಡಿದು ಹಿಂದಿರುಗಬೇಕು.
ಅರ್ಧ ಸೆಕೆಂಡು.
ಮೊದಮೊದಲು ಇಬ್ಬರೂ ಒಟ್ಟಿಗೇ ಬಾಯಿಬಿಟ್ಟು
ಒಬ್ಬರ ಮಾತನ್ನೊಬ್ಬರು ತುಳಿದು
"ನೀ ಹೇಳು", "ಇಲ್ಲ, ನೀನೇ ಹೇಳು",
ಎರಡು ನಿಮಿಷ ಅದಕ್ಕೇ ಖರ್ಚು.
ಆಮೇಲೆ ಕಲಿತರು
ಹೇಳಿ ಮುಗಿಸಿ ಕಾಯುವುದನ್ನು.
ಕಾಯುವಾಗ ಅಮ್ಮ ಮೇಜಿಗೆ ಒಮ್ಮೆ ಬೆರಳು ಬಡಿಯುವಳು.
ಅಜ್ಜಿ ಸತ್ತ ಸುದ್ದಿ ಹೇಳಿದ ದಿನ
ನಾಲ್ಕು ಸಲ ಬಡಿದಳು.

ತರವಾದಿಂದ ರಿಪೇರಿಗೆ ಬಂದ ಬೌರೋ ಹೇಳಿದ್ದ:
ಅದು ನಿಂತಿದೆ ಅಂದುಕೊಳ್ಳಬೇಡಿ,
ಚಂದ್ರ ಎಳೆಯುತ್ತಾನೆ, ಸೂರ್ಯ ಎಳೆಯುತ್ತಾನೆ,
ಚೂರುಚೂರೇ ಇಂಧನ ಉಗುಳಿ
ತನ್ನ ಜಾಗಕ್ಕೆ ಮರಳುತ್ತಿರುತ್ತದೆ. ಆಯುಸ್ಸು ಹದಿನೈದು ವರ್ಷ.
"ಲಂಗರಿಲ್ಲದ ದೋಣಿ ಅನ್ನು.
ಹುಟ್ಟು ಹಾಕುತ್ತಲೇ ಇದ್ದರೆ ನಿಂತ ಹಾಗೆ ಕಾಣುತ್ತದೆ"
ಅಂದಳು ಅಮ್ಮ, ಯಾವುದರ ಬಗ್ಗೆಯೋ.

ಮಾರ್ಚಿಯಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ
ಸೂರ್ಯ ಸರಿಯಾಗಿ ಅದರ ಬೆನ್ನಿಗೆ ಬಂದು
ಫೋನಿನಲ್ಲಿ ಬರೀ ಹುರಿಯುವ ಸದ್ದು.
ಅಮ್ಮ ಎದ್ದು ಹೋಗಿ ಮೀನು ಒಣಹಾಕುವಳು.

ಹದಿನೆಂಟನೇ ವರ್ಷ ಕಾಗದ ಬಂತು.
ಉಳಿದ ಕೊನೆಯ ಗುಟುಕಿನಲ್ಲಿ
ಅದನ್ನು ಕೆಳಗಿಳಿಸಲಿಲ್ಲ, ಇನ್ನೂ ಮೇಲಕ್ಕೆ ತಳ್ಳಿದರು,
ಮುನ್ನೂರು ಕಿಲೋಮೀಟರು,
ಹಳೆಯವೆಲ್ಲ ಸುಮ್ಮನೆ ಸುತ್ತುವ ಕಡೆ.
ದನಿ ಆರಿಸಿದರು.
ಬೀಳುವುದಿಲ್ಲವಂತೆ, ಬೂದಿಯೂ ಆಗುವುದಿಲ್ಲವಂತೆ.
ನಾವು ಸತ್ತವರನ್ನು ಮನೆಯ ಮಗ್ಗುಲಲ್ಲೇ ಹೂಳುವವರು;
ಅಷ್ಟು ದೂರದ ಗೋರಿ
ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ.

ಈಗ ತಗ್ಗಿನಲ್ಲಿ ಹಾರುವ ಸಣ್ಣವು, ಸಾವಿರಾರು.
ಮಾತು ಆಡುವ ಮೊದಲೇ ಮುಟ್ಟಿರುತ್ತದೆ.
ತಟ್ಟೆಯಲ್ಲಿ ಕೋಳಿ ಮೊಟ್ಟೆಯಿಡುತ್ತದೆ,
ಬಕೆಟ್ ಮಾತ್ರ ಇನ್ನೂ ಅಲ್ಲೇ.
ಅಪ್ಪನೂ ಹಡಗು ಬಿಟ್ಟು ಬಂದಿದ್ದಾನೆ.
ಸಂಜೆ ಎದುರುಬದುರು ಕೂರುತ್ತಾರೆ,
ನಡುವೆ ಒಂದು ಮೊಳ ಚಾಪೆ.
"ತೆಕರೇಯಿ" ಅನ್ನುತ್ತಾನೆ.
ಅಮ್ಮನ ಬೆರಳು ಚಾಪೆಗೆ ಒಮ್ಮೆ ಬಡಿಯುತ್ತದೆ.
ಆಮೇಲೆ, "ಹೂಂ".
ಆ ಸಂದಿನಲ್ಲಿ ನಾನು ಬಾಯಿ ಹಾಕಿದರೆ
ಇಬ್ಬರೂ ತಿರುಗಿ ನನ್ನನ್ನೇ ನೋಡುತ್ತಾರೆ.